ದನಿ ಇದೆ, ಚಿತ್ರ ಇಲ್ಲ: ಡೆಸ್ಕ್‌ಟಾಪ್ ಬದಲಿಸಿದರೆ ಮಾಯವಾಗುತ್ತಿದ್ದ ಪ್ಲೇಯರ್

ಅಕ್ಕನ ಕೆಲಸ ರೆಕಾರ್ಡ್ ಆದ ಮಾತನ್ನು ಕೇಳಿ ಬರಹಕ್ಕೆ ಇಳಿಸುವುದು. ಉಪನ್ಯಾಸ, ಸಂದರ್ಶನ, ಸಭೆ, ಏನು ಬೇಕಾದರೂ ಬರುತ್ತದೆ. ಬರೀ ಕೇಳಿದರೆ ಸಾಲದು, ನೋಡಲೂ ಬೇಕು. ಇಬ್ಬರು ಒಟ್ಟಿಗೆ ಮಾತಾಡಿದಾಗ ಯಾರ ತುಟಿ ಅಲ್ಲಾಡುತ್ತಿದೆ ಎಂದು ನೋಡಿಯೇ ಹೆಸರು ಹಾಕಬೇಕು. ಅವಳ ಹತ್ತಿರ ಇರುವುದು ಒಂದೇ ಲ್ಯಾಪ್‌ಟಾಪ್, ಒಂದೇ ಪರದೆ. ಹಾಗಾಗಿ 4 ವರ್ಚುವಲ್ ಡೆಸ್ಕ್‌ಟಾಪ್, ಅಂದರೆ ಒಂದೇ ಪರದೆಯಲ್ಲಿ ಬದಲಿಸಿಕೊಳ್ಳುತ್ತಾ ಹೋಗಬಹುದಾದ ಬೇರೆ ಬೇರೆ ಕೆಲಸದ ಜಾಗ, ಮಾಡಿಕೊಂಡಿದ್ದಾಳೆ. ಒಂದರಲ್ಲಿ ಬರೆಯುವ ಕಡತ, ಇನ್ನೊಂದರಲ್ಲಿ ನಿಘಂಟು ಮತ್ತು ಬ್ರೌಸರ್, ಮೂರನೆಯದರಲ್ಲಿ ಹಳೆಯ ಕಡತಗಳು, ಕೊನೆಯದರಲ್ಲಿ ಮೇಲ್. ನಾಲ್ಕರಲ್ಲೂ ಮೂಲೆಯಲ್ಲೊಂದು ಚಿಕ್ಕ ಪ್ಲೇಯರ್ ಓಡುತ್ತಿರಬೇಕು. ಅವಳಿಗೆ ಬೇಕಾದದ್ದು ಇಷ್ಟೇ.

ವರ್ಷಗಳಿಂದ ಅದು ಹಾಗೇ ನಡೆದಿತ್ತು. ವಿಡಿಯೋ ಪ್ಲೇಯರ್ ಎಂಪಿವಿ. ಲಿನಕ್ಸಿನ ಮೇಲೆ ವಿಂಡೋ, ಮೆನು ಎಲ್ಲ ತೋರಿಸುವ ಡೆಸ್ಕ್‌ಟಾಪ್ ವ್ಯವಸ್ಥೆ ಕೆಡಿಇ ಪ್ಲಾಸ್ಮಾ. ಎಂಪಿವಿಯ ಸೆಟ್ಟಿಂಗ್ ಕಡತದಲ್ಲಿ ನಾನು ಎಂದೋ ಬರೆದುಕೊಟ್ಟಿದ್ದ ಎರಡು ಸಾಲು: ಒಂದು 'ಆನ್‌ಟಾಪ್' (ಉಳಿದ ವಿಂಡೋಗಳ ಮೇಲೆ ಇರು), ಇನ್ನೊಂದು 'ಆನ್ ಆಲ್ ವರ್ಕ್‌ಸ್ಪೇಸಸ್' (ಎಲ್ಲ ಡೆಸ್ಕ್‌ಟಾಪಿನಲ್ಲೂ ಇರು). ಬರೆದು ಇಬ್ಬರೂ ಮರೆತಿದ್ದೆವು.

ಆಮೇಲೆ ಸಿಸ್ಟಮ್ ಅಪ್‌ಗ್ರೇಡ್ ಆಯಿತು. ಪ್ಲಾಸ್ಮಾ 5 ಹೋಗಿ 6 ಬಂತು. ಮಾರನೆಯ ದಿನ ಅಕ್ಕನ ಫೋನ್.

"ಲೋ, ದನಿ ಕೇಳ್ತಿದೆ, ಚಿತ್ರ ಕಾಣ್ತಿಲ್ಲ."

"ವಿಡಿಯೋ ಕೆಟ್ಟಿದೆಯೇನೋ ಅಕ್ಕ. ಬೇರೆ ಫೈಲ್ ಹಾಕಿ ನೋಡು."

"ಫೈಲ್ ಸರಿಯಾಗಿದೆ. ಮೊದಲನೇ ಡೆಸ್ಕ್‌ಟಾಪಲ್ಲಿ ಕಾಣತ್ತೆ. ಪಕ್ಕಕ್ಕೆ ಹೋದ್ರೆ ಹೋಯ್ತು."

ತೊಂದರೆಯನ್ನು ಇದಕ್ಕಿಂತ ಚೆನ್ನಾಗಿ ಹೇಳಲು ಆಗುವುದಿಲ್ಲ. ಆದರೂ ನಾನು ಮೊದಲ ಒಂದು ಗಂಟೆ ತಪ್ಪು ಕಡೆ ಹುಡುಕಿದೆ.

ಅಕ್ಕ ಆಗಲೇ ಮಾಡಿ ನೋಡಿದ್ದೇನು?

ವಿಂಡೋದ ಮೇಲ್ಪಟ್ಟಿಯ ಮೇಲೆ ರೈಟ್ ಕ್ಲಿಕ್ ಮಾಡಿ 'ಕೀಪ್ ಅಬೋವ್ ಅದರ್ಸ್' ಒತ್ತಿದ್ದಳು. ಆಗ ಆ ಡೆಸ್ಕ್‌ಟಾಪಿನಲ್ಲಿ ಪ್ಲೇಯರ್ ಎಲ್ಲದರ ಮೇಲೂ ಕೂತಿತು. ಪಕ್ಕದ ಡೆಸ್ಕ್‌ಟಾಪಿಗೆ ಹೋದರೆ ಮತ್ತೆ ಇಲ್ಲ. "ಮೇಲೆ ಇರು ಅಂದ್ರೂ ಇರಲ್ಲ ಇದು" ಎಂದು ಬೈದಳು. ಪ್ಲೇಯರ್ ಪಾಪ ಹೇಳಿದ್ದನ್ನೇ ಮಾಡಿತ್ತು. ಮೇಲೆ ಇರುವುದು ಬೇರೆ, ಎಲ್ಲ ಕಡೆ ಇರುವುದು ಬೇರೆ. ಮೊದಲನೆಯದು ಒಂದೇ ಡೆಸ್ಕ್‌ಟಾಪಿನ ಒಳಗೆ ಯಾರ ಮೇಲೆ ಯಾರು ಎಂಬ ಮಾತು. ಎರಡನೆಯದು ಯಾವ ಯಾವ ಡೆಸ್ಕ್‌ಟಾಪಿನಲ್ಲಿ ಈ ವಿಂಡೋ ಇದೆ ಎಂಬ ಮಾತು. ಒಂದು ಸಿಕ್ಕರೆ ಇನ್ನೊಂದು ತಾನಾಗಿ ಬರುವುದಿಲ್ಲ. ಎಲ್ಲ ಡೆಸ್ಕ್‌ಟಾಪಿನಲ್ಲೂ ಇದ್ದು, ಎಲ್ಲದರಲ್ಲೂ ದೊಡ್ಡ ವಿಂಡೋ ಒಂದರ ಹಿಂದೆ ಮುಚ್ಚಿಹೋಗಿರುವ ಪ್ಲೇಯರ್ ಕೂಡ ಇರಬಹುದು, ಅಲ್ವಾ?

ಇದನ್ನು ಹೇಳಿದ ಮೇಲೆ ಅಕ್ಕ ಅದೇ ಮೆನುವಿನಲ್ಲಿ ಡೆಸ್ಕ್‌ಟಾಪ್‌ಗಳ ಪಟ್ಟಿ ತೆರೆದು 'ಆಲ್ ಡೆಸ್ಕ್‌ಟಾಪ್ಸ್' ಒತ್ತಿದಳು. ಕೆಲಸ ಆಯಿತು. ಹತ್ತು ನಿಮಿಷಕ್ಕೆ ಮತ್ತೆ ಫೋನ್. ಅವಳಿಗೆ ದಿನಕ್ಕೆ ಹತ್ತಾರು ತುಣುಕು ಬರುತ್ತವೆ. ಎಂಪಿವಿ ಒಂದೊಂದು ಫೈಲಿಗೂ ಹೊಸ ವಿಂಡೋ ತೆರೆಯುತ್ತದೆ. ಮೆನುವಿನಲ್ಲಿ ಒತ್ತಿದ ಗುರುತು ಆ ವಿಂಡೋ ಮುಚ್ಚುವವರೆಗೆ ಮಾತ್ರ. ಎಲ್ಲ ತುಣುಕುಗಳನ್ನೂ ಒಂದೇ ಪ್ಲೇಲಿಸ್ಟ್‌ಗೆ ಹಾಕಿಕೊಂಡರೆ ನಡುವೆ ವಿಂಡೋ ಮುಚ್ಚುವುದಿಲ್ಲ, ಗುರುತೂ ಉಳಿಯುತ್ತದೆ. ಒಂದು ದಿನ ಹಾಗೇ ನಡೆಸಿದಳು. ಆದರೆ ಅವಳ ಕೆಲಸ ಸಾಲಾಗಿ ಬರುವುದಿಲ್ಲ. ಸಂಜೆ ಹೊತ್ತಿಗೆ ಬೇಸತ್ತಳು.

ಸೆಟ್ಟಿಂಗ್ ಕಡತ ಯಾಕೆ ಕೈಕೊಟ್ಟಿತು?

ನಾನು ಹುಡುಕಬೇಕಿದ್ದದ್ದು ಇದನ್ನು. ಸಾಲುಗಳು ಅಲ್ಲೇ ಇದ್ದವು, ಕಾಗುಣಿತ ಸರಿಯಿತ್ತು. ಎಂಪಿವಿ ಕಡತವನ್ನು ಓದುತ್ತಲೂ ಇತ್ತು. ಅದೇ ಕಡತದ ಉಳಿದ ಸಾಲುಗಳೆಲ್ಲ ನಡೆಯುತ್ತಿದ್ದವು. ಈ ಎರಡು ಮಾತ್ರ ಸುಮ್ನೆ ಕೂತಿದ್ದವು.

ಬದಲಾದದ್ದು ಪ್ಲೇಯರ್ ಅಲ್ಲ, ಅದರ ಕೆಳಗಿನ ನೆಲ. 2024ರ ಫೆಬ್ರವರಿಯಲ್ಲಿ ಬಂದ ಪ್ಲಾಸ್ಮಾ 6ರಲ್ಲಿ ವೇಲ್ಯಾಂಡ್ ಸೆಷನ್ ಡೀಫಾಲ್ಟ್ ಆಯಿತು. ಅದಕ್ಕೆ ಮೊದಲು ಅಕ್ಕ ಓಡಿಸುತ್ತಿದ್ದದ್ದು ಎಕ್ಸ್11. ವಿಂಡೋಗಳನ್ನು ಪರದೆಗೆ ತರುವ ಎರಡು ವ್ಯವಸ್ಥೆಗಳು ಇವು: ಎಕ್ಸ್11 ಹಳೆಯದು, ವೇಲ್ಯಾಂಡ್ ಹೊಸದು. ಲಾಗಿನ್ ಪರದೆಯ ಮೂಲೆಯಲ್ಲಿ ಸೆಷನ್ನಿನ ಹೆಸರು ಬದಲಾದದ್ದನ್ನು ಅವಳು ಗಮನಿಸಿರಲಿಲ್ಲ. ಯಾರು ಗಮನಿಸುತ್ತಾರೆ?

ಎಕ್ಸ್11ರಲ್ಲಿ ಪ್ರತಿ ವಿಂಡೋಗೂ ಚೀಟಿ ಅಂಟಿಸಬಹುದು. ಯಾವ ಚೀಟಿಗೆ ಏನರ್ಥ ಎಂದು ವಿಂಡೋ ಮ್ಯಾನೇಜರ್‌ಗಳೆಲ್ಲ (ಯಾವ ವಿಂಡೋ ಎಲ್ಲಿ, ಹೇಗೆ ಇರಬೇಕು ಎಂದು ನೋಡಿಕೊಳ್ಳುವ ಪ್ರೋಗ್ರಾಂಗಳು) ಒಪ್ಪಿಕೊಂಡ ಒಂದು ನಿಯಮಾವಳಿ ಇದೆ, ಇಡಬ್ಲ್ಯೂಎಂಎಚ್ ಎನ್ನುತ್ತಾರೆ. ಅದರಲ್ಲಿ ಒಂದು ಚೀಟಿ ಈ ವಿಂಡೋ ಎಷ್ಟನೆಯ ಡೆಸ್ಕ್‌ಟಾಪಿನದು ಎಂದು ಹೇಳುತ್ತದೆ. ಲೆಕ್ಕ ಸೊನ್ನೆಯಿಂದ ಶುರು: ಮೊದಲನೆಯದು 0, ಎರಡನೆಯದು 1. ಎಲ್ಲ ಡೆಸ್ಕ್‌ಟಾಪಿನಲ್ಲೂ ಇರಬೇಕು ಎಂದರೆ ಅಲ್ಲಿ 4294967295 ಎಂದು ಬರೆಯಬೇಕು. 32 ಬಿಟ್‌ಗಳೂ 1 ಆಗಿರುವ ಸಂಖ್ಯೆ ಅದು. ಅಷ್ಟು ಡೆಸ್ಕ್‌ಟಾಪ್ ಯಾರೂ ಇಟ್ಟುಕೊಳ್ಳುವುದಿಲ್ಲವಲ್ಲ, ಹಾಗಾಗಿ ಅದನ್ನು 'ಎಲ್ಲ ಕಡೆ' ಎಂಬುದಕ್ಕೆ ತೆಗೆದಿಟ್ಟಿದ್ದಾರೆ. 'ಮೇಲೆ ಇರು' ಎಂಬುದಕ್ಕೆ ಬೇರೆಯದೇ ಚೀಟಿ. ಇವೆರಡರ ಜೊತೆಗೆ 'ಸ್ಟಿಕಿ' ಎಂಬ ಮೂರನೆಯದೂ ಇದೆ. ಪರದೆಗಿಂತ ದೊಡ್ಡ ಡೆಸ್ಕ್‌ಟಾಪ್ ಮಾಡಿಕೊಂಡು ಅದನ್ನು ಆಚೀಚೆ ಸರಿಸುವಾಗಲೂ ವಿಂಡೋ ಗಾಜಿಗೆ ಅಂಟಿದಂತೆ ಇದ್ದಲ್ಲೇ ಇರಲಿ ಎಂದು ಅದರ ಅರ್ಥ. ಈ ಆಸೆ ಹೊಸದಲ್ಲ. 1993ರಲ್ಲಿ ಬಂದ ಎಫ್‌ವಿಡಬ್ಲ್ಯೂಎಂ ಎಂಬ ವಿಂಡೋ ಮ್ಯಾನೇಜರ್‌ನಲ್ಲೂ ಗಡಿಯಾರದಂಥ ಚಿಕ್ಕ ವಿಂಡೋಗಳನ್ನು ಹೀಗೆ ಅಂಟಿಸಿಡುವುದು ರೂಢಿ.

ಎಂಪಿವಿಗೆ ಬರೆದಿದ್ದ ಎರಡು ಸಾಲು ಮಾಡುತ್ತಿದ್ದದ್ದು ಇದನ್ನೇ. ವಿಂಡೋ ಹುಟ್ಟುವಾಗ ಪ್ಲೇಯರ್ ಚೀಟಿ ಬರೆಯುತ್ತಿತ್ತು, ವಿಂಡೋ ಮ್ಯಾನೇಜರ್ ಓದುತ್ತಿತ್ತು.

ವೇಲ್ಯಾಂಡಿನಲ್ಲಿ ಆ ಚೀಟಿಯೇ ಇಲ್ಲ. ಸಾಮಾನ್ಯ ಆ್ಯಪ್‌ಗಳು ಬಳಸುವ ಎಕ್ಸ್‌ಡಿಜಿ ಶೆಲ್ ಎಂಬ ಪ್ರೋಟೋಕಾಲಿನಲ್ಲಿ ಒಂದು ವಿಂಡೋ ತನ್ನ ಶೀರ್ಷಿಕೆ ಹೇಳಬಹುದು, ತನ್ನ ಗುರುತಿನ ಹೆಸರು ಹೇಳಬಹುದು, ಫುಲ್ ಸ್ಕ್ರೀನ್ ಮಾಡು ಎಂದು ಕೇಳಬಹುದು. ನನ್ನನ್ನು ಎಲ್ಲರ ಮೇಲಿಡು, ಎಲ್ಲ ಡೆಸ್ಕ್‌ಟಾಪಿನಲ್ಲೂ ತೋರಿಸು, ಬಲಗಡೆ ಕೆಳಮೂಲೆಯಲ್ಲಿ ಕೂರಿಸು ಎಂದು ಕೇಳಲು ಅದರಲ್ಲಿ ಮಾತೇ ಇಲ್ಲ. ತಾನು ಪರದೆಯ ಮೇಲೆ ಎಲ್ಲಿದ್ದೇನೆ ಎನ್ನುವುದೂ ವಿಂಡೋಗೆ ಗೊತ್ತಿರುವುದಿಲ್ಲ.

ಇದು ಮರೆತದ್ದಲ್ಲ, ಬೇಕೆಂದೇ ಬಿಟ್ಟದ್ದು. ಯಾವ ಆ್ಯಪ್ ಬೇಕಾದರೂ ತಾನೇ ಎಲ್ಲರ ಮೇಲೆ ಹತ್ತಿ ಕೂರಬಹುದು ಎಂದರೆ, ಪಾಸ್‌ವರ್ಡ್ ಕೇಳುವ ಪೆಟ್ಟಿಗೆಯ ಮೇಲೆ ಇನ್ನೊಂದು ಸುಳ್ಳು ಪೆಟ್ಟಿಗೆ ಬಂದು ಕೂರಲು ಎಷ್ಟು ಹೊತ್ತು? ಈ ತರ್ಕವನ್ನು ನಾನು ಒಪ್ಪುತ್ತೇನೆ. ಒಪ್ಪುವಾಗ ಹಲ್ಲು ಕಡಿದುಕೊಂಡೆ ಎನ್ನುವುದೂ ನಿಜ. ಕೇಳಿದ್ದು ನಡೆಯಲಿಲ್ಲ ಎಂದು ಎಂಪಿವಿ ಅಕ್ಕನಿಗೆ ಕಾಣುವ ಹಾಗೆ ಎಲ್ಲೂ ಹೇಳಿರಲಿಲ್ಲ.

ಕಾರಣ ಇದೇ ಎಂದು ಖಚಿತ ಮಾಡಿಕೊಳ್ಳಲು ಒಂದು ಪರೀಕ್ಷೆ ಮಾಡಿದೆವು. ಎಂಪಿವಿಗೆ ಎಕ್ಸ್11 ದಾರಿಯಿಂದಲೇ ಚಿತ್ರ ಬಿಡಿಸು ಎಂದು ಹೇಳುವ ಆಯ್ಕೆ ಇದೆ. ಹಾಗೆ ಹೇಳಿದರೆ ಅದು ವೇಲ್ಯಾಂಡ್ ಒಳಗೇ ಎಕ್ಸ್‌ವೇಲ್ಯಾಂಡ್ ಎಂಬ ಸೇತುವೆಯ ಮೂಲಕ ಓಡುತ್ತದೆ. ಓಡಿಸಿದೆವು. ಆ ಎರಡು ಸಾಲು ಕೂಡಲೇ ಜೀವ ತಳೆದವು. ನಾಲ್ಕೂ ಡೆಸ್ಕ್‌ಟಾಪಿನಲ್ಲಿ ಪ್ಲೇಯರ್.

"ಇಷ್ಟೇನಾ? ಹಾಗಾದ್ರೆ ಹೀಗೇ ಬಿಡು" ಎಂದಳು ಅಕ್ಕ.

ಬಿಡಬಹುದಿತ್ತು. ತುರ್ತಿಗೆ ಇದು ಒಳ್ಳೆಯ ದಾರಿ, ಗ್ನೋಮ್ ಎಂಬ ಇನ್ನೊಂದು ಡೆಸ್ಕ್‌ಟಾಪ್ ವ್ಯವಸ್ಥೆಯಲ್ಲೂ ಬಹಳ ಜನ ಇದನ್ನೇ ಹಿಡಿಯುತ್ತಾರೆ. ಆದರೆ ಇದು ಎಂಪಿವಿಗೆ ಮಾತ್ರ ಆಗುವ ಕೆಲಸ. ಅಕ್ಕ ಕೆಲವು ಫೈಲುಗಳಿಗೆ ವಿಎಲ್‌ಸಿ ಎಂಬ ಇನ್ನೊಂದು ಪ್ಲೇಯರ್ ಬಳಸುತ್ತಾಳೆ. ಅದರ ಮೆನುವಿನಲ್ಲಿ 'ಆಲ್ವೇಸ್ ಆನ್ ಟಾಪ್' ಇದೆ, ಎಲ್ಲ ಡೆಸ್ಕ್‌ಟಾಪಿಗೂ ಬಾ ಎಂಬುದು ಇಲ್ಲ. ಬ್ರೌಸರಿನ ತೇಲುವ ವಿಡಿಯೋದ್ದು ಮತ್ತೊಂದು ಕಥೆ. ಒಂದೊಂದು ಪ್ಲೇಯರಿಗೂ ಒಂದೊಂದು ಕಸರತ್ತು ಹುಡುಕುವ ಬದಲು, ಯಾರ ಕೈಯಲ್ಲಿ ಅಧಿಕಾರ ಇದೆಯೋ ಅವರಿಗೇ ಹೇಳುವುದು ವಾಸಿ ಅನ್ನಿಸಿತು. ಆ ಅಧಿಕಾರ ವಿಂಡೋ ಮ್ಯಾನೇಜರ್‌ನದು. ಪ್ಲಾಸ್ಮಾದಲ್ಲಿ ಅದರ ಹೆಸರು ಕೆವಿನ್.

ನಿಯಮ ಬರೆದದ್ದು, ಮೊದಲು ತಪ್ಪಾಗಿ

ಕೆವಿನ್‌ಗೆ 'ವಿಂಡೋ ರೂಲ್ಸ್' ಎಂಬ ಸೌಲಭ್ಯ ಇದೆ. ಸಿಸ್ಟಮ್ ಸೆಟ್ಟಿಂಗ್ಸ್‌ನಲ್ಲಿ ವಿಂಡೋ ಮ್ಯಾನೇಜ್‌ಮೆಂಟ್ ಕೆಳಗೆ ಸಿಗುತ್ತದೆ. ಇಂಥ ಹೆಸರಿನ ವಿಂಡೋ ಬಂದರೆ ಹೀಗೆ ಮಾಡು ಎಂದು ಬರೆದಿಟ್ಟರೆ ಆಯಿತು. ಆ್ಯಪ್ ಕೇಳಬೇಕಾಗಿಲ್ಲ, ನಾವು ಹೇಳುತ್ತಿದ್ದೇವೆ. ಹಾಗಾಗಿ ಇದು ಎಕ್ಸ್11, ವೇಲ್ಯಾಂಡ್ ಎರಡರಲ್ಲೂ ನಡೆಯುತ್ತದೆ.

ನನ್ನ ಹಳೆಯ ಕಂಪ್ಯೂಟರಿನಲ್ಲಿ ಇಂಥದ್ದೊಂದು ನಿಯಮ ಮೊದಲೇ ಇತ್ತು. ಕಡತವಾಗಿ ಹೊರತೆಗೆದು ಅಕ್ಕನಿಗೆ ಕಳಿಸಿದೆ. ಅವಳು ಒಳಗೆ ಹಾಕಿಕೊಂಡಳು. ಏನೂ ಆಗಲಿಲ್ಲ.

ಅರ್ಧ ಗಂಟೆ ಹೋದ ಮೇಲೆ ತಪ್ಪು ಸಿಕ್ಕಿತು. ಎಕ್ಸ್11ರಲ್ಲಿ ವಿಂಡೋದ ವರ್ಗದ ಹೆಸರಿಗೆ ಎರಡು ಭಾಗ. ನನ್ನ ಹಳೆಯ ಯಂತ್ರದಲ್ಲಿ ಎಂಪಿವಿಯ ಮೊದಲ ಭಾಗ 'ಜಿಎಲ್', ಎರಡನೆಯದು 'ಎಂಪಿವಿ'. ನಾನು ಯಾವ ಕಾಲದಲ್ಲೋ ಇಡೀ ಹೆಸರು ಅಕ್ಷರಶಃ ಹೊಂದಬೇಕು ಎಂದು ಗುರುತು ಹಾಕಿದ್ದೆ. ವೇಲ್ಯಾಂಡಿನಲ್ಲಿ ಆ 'ಜಿಎಲ್' ಇಲ್ಲ. ನನ್ನ ನಿಯಮ ಇಲ್ಲದ ವಿಂಡೋಗಾಗಿ ಕಾಯುತ್ತಾ ಕೂತಿತ್ತು.

ಹೆಸರನ್ನು ಕೈಯಿಂದ ಬರೆಯುವುದೇ ಬೇಡ ಎನ್ನುವುದು ಇದರಿಂದ ಕಲಿತದ್ದು. ನಿಯಮದ ಪುಟದಲ್ಲೇ 'ಡಿಟೆಕ್ಟ್ ವಿಂಡೋ ಪ್ರಾಪರ್ಟೀಸ್' ಎಂಬ ಬಟನ್ ಇದೆ. ಅದನ್ನು ಒತ್ತಿ, ಓಡುತ್ತಿರುವ ಪ್ಲೇಯರಿನ ಮೇಲೆ ಕ್ಲಿಕ್ ಮಾಡಿದರೆ ಕೆವಿನ್ ಆ ವಿಂಡೋವನ್ನು ಯಾವ ಹೆಸರಿನಿಂದ ಕರೆಯುತ್ತದೆ ಎಂದು ಅದೇ ಹೇಳುತ್ತದೆ. ವಿಂಡೋದ ಚೀಟಿಗಳನ್ನು ಓದಿ ತೋರಿಸುವ ಹಳೆಯ ಎಕ್ಸ್‌ಪ್ರಾಪ್ ಉಪಕರಣ ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ. ವೇಲ್ಯಾಂಡ್ ವಿಂಡೋ ಅದರ ಕಣ್ಣಿಗೆ ಬೀಳುವುದೇ ಇಲ್ಲ.

ಹೊಸ ನಿಯಮದಲ್ಲಿ ಮೂರು ಗುಣ ಸೇರಿಸಿದೆವು: ವರ್ಚುವಲ್ ಡೆಸ್ಕ್‌ಟಾಪ್, ಎಲ್ಲವೂ. ಬೇರೆ ವಿಂಡೋಗಳ ಮೇಲೆ, ಹೌದು. ಜಾಗ, ಕೆಳಮೂಲೆ. ಒಂದೊಂದು ಗುಣಕ್ಕೂ ಅದನ್ನು ಎಷ್ಟು ಬಿಗಿಯಾಗಿ ಹಿಡಿಯಬೇಕು ಎಂದು ಕೇಳುತ್ತದೆ. 'ಫೋರ್ಸ್' ಎಂದರೆ ನಾವೇ ಮೆನುವಿನಿಂದ ತೆಗೆಯಲು ಹೋದರೂ ಬಿಡುವುದಿಲ್ಲ. 'ಅಪ್ಲೈ ಇನಿಷಿಯಲಿ' ಎಂದರೆ ವಿಂಡೋ ಹುಟ್ಟುವಾಗ ಒಮ್ಮೆ ಮಾಡಿ ಕೈಬಿಡುತ್ತದೆ. 'ರಿಮೆಂಬರ್' ಎಂದರೆ ಕಳೆದ ಸಲ ಮುಚ್ಚುವಾಗ ಹೇಗಿತ್ತೋ ಹಾಗೆ. ಡೆಸ್ಕ್‌ಟಾಪಿಗೂ ಮೇಲಿರುವುದಕ್ಕೂ 'ಅಪ್ಲೈ ಇನಿಷಿಯಲಿ', ಜಾಗಕ್ಕೆ 'ರಿಮೆಂಬರ್' ಇಟ್ಟೆವು. ಒಮ್ಮೊಮ್ಮೆ ಅವಳಿಗೆ ಪ್ಲೇಯರನ್ನು ಒಂದೇ ಕಡೆ ಬಿಟ್ಟು ಹೋಗಬೇಕಾಗುತ್ತದೆ. ಆಗ ಯಂತ್ರದ ಜೊತೆ ಜಗಳ ಆಡುವಂತೆ ಆಗಬಾರದು. ಇಲ್ಲೊಂದು ಎಡವಟ್ಟು: ಈಗಾಗಲೇ ತೆರೆದಿರುವ ವಿಂಡೋಗೆ 'ಅಪ್ಲೈ ಇನಿಷಿಯಲಿ' ತಾಗುವುದಿಲ್ಲ. ಮುಚ್ಚಿ ಮತ್ತೆ ತೆರೆಯಬೇಕು. ನಿಯಮ ಕೆಲಸ ಮಾಡುತ್ತಿಲ್ಲ ಎಂದು ಎಷ್ಟೋ ಜನ ಅಳಿಸಿಹಾಕುವುದು ಇದೇ ಕ್ಷಣದಲ್ಲಿ ಇರಬೇಕು.

ಆಮೇಲೆ ಬಂದ ತಕರಾರುಗಳು

ಮೊದಲ ವಾರದಲ್ಲೇ ನಾಲ್ಕು. ಪ್ಲೇಯರ್ ಎಲ್ಲ ಕಡೆ ಕಾಣಬೇಕು ಎಂದು ಕೇಳುವಾಗ ಯಾರೂ ಯೋಚಿಸದವು.

ರಾತ್ರಿ ಸಿನಿಮಾ ಹಾಕಿ ಫುಲ್ ಸ್ಕ್ರೀನ್ ಮಾಡಿದಳು. ನಡುವೆ ಮೇಲ್ ನೋಡೋಣ ಎಂದು ಡೆಸ್ಕ್‌ಟಾಪ್ ಬದಲಿಸಿದರೆ ಅಲ್ಲೂ ಸಿನಿಮಾ. ಅದರಾಚೆಯದರಲ್ಲೂ ಸಿನಿಮಾ. ಎಲ್ಲ ಡೆಸ್ಕ್‌ಟಾಪಿನಲ್ಲೂ ಇರುವ ವಿಂಡೋ ಪರದೆ ತುಂಬಿದರೆ ಹೋಗಲು ಬೇರೆ ಜಾಗವೇ ಉಳಿಯುವುದಿಲ್ಲ. ನಗು ಬಂತು. ಆದರೆ ಈ ತಕರಾರೇ ನಮಗೆ ಒಳ್ಳೆಯ ದಾರಿ ತೋರಿಸಿತು. ಎಂಪಿವಿ ವೇಲ್ಯಾಂಡಿನಲ್ಲಿ ತನ್ನ ಗುರುತಿನ ಹೆಸರನ್ನು ಬದಲಿಸಿಕೊಳ್ಳಬಲ್ಲದು, ಅದಕ್ಕೊಂದು ಆಯ್ಕೆ ಇದೆ. ಕೆಲಸಕ್ಕೆ ಬೇರೆ ಲಾಂಚರ್ (ಪ್ಲೇಯರ್ ತೆರೆಯುವ ಐಕಾನ್) ಮಾಡಿ, ಅದರಿಂದ ತೆರೆದ ಎಂಪಿವಿಗೆ 'ಬರಹ' ಎಂದು ಗುರುತು ಕೊಟ್ಟೆವು. ಕೆವಿನ್‌ನ ನಿಯಮ ಆ ಗುರುತನ್ನಷ್ಟೇ ಹಿಡಿಯುತ್ತದೆ. ಸಿನಿಮಾಕ್ಕೆ ತೆರೆಯುವ ಎಂಪಿವಿ ಎಂದಿನ ಎಂಪಿವಿ, ಅದಕ್ಕೆ ಈ ನಿಯಮದ ಗೊಡವೆ ಇಲ್ಲ. ಈ ಇಡೀ ಪ್ರಕರಣದಲ್ಲಿ ನನಗೆ ತುಂಬಾ ಹಿಡಿಸಿದ ಭಾಗ ಇದು. ಒಂದೇ ಪ್ರೋಗ್ರಾಂ, ಎರಡು ಹೆಸರು, ಎರಡು ನಡವಳಿಕೆ.

ಎರಡನೆಯದು ಸ್ಪೇಸ್ ಕೀಲಿಯ ಗಲಾಟೆ. ಪ್ಲೇಯರಿನ ಮೇಲೆ ಕ್ಲಿಕ್ ಮಾಡಿದ ಮೇಲೆ ಕೀಬೋರ್ಡ್ ಅದರ ವಶ ಆಗುತ್ತದೆ. ಅಕ್ಕ ಬರೆಯುತ್ತಿದ್ದೇನೆ ಎಂದುಕೊಂಡು ಟೈಪ್ ಮಾಡುತ್ತಾಳೆ, ಅಕ್ಷರ ಪ್ಲೇಯರಿಗೆ ಹೋಗುತ್ತದೆ. ಸ್ಪೇಸ್ ಒತ್ತಿದರೆ ವಿಡಿಯೋ ನಿಲ್ಲುತ್ತದೆ, 'ಕ್ಯೂ' ಒತ್ತಿದರೆ ಪ್ಲೇಯರೇ ಮುಚ್ಚಿಹೋಗುತ್ತದೆ. ಮೊದಲಾದರೆ ಪ್ಲೇಯರ್ ಒಂದು ಡೆಸ್ಕ್‌ಟಾಪಿನಲ್ಲಿ ಇರುತ್ತಿತ್ತು, ಈ ಅಪಾಯ ಅಲ್ಲಿಗೇ ಸೀಮಿತ. ಈಗ ಅದು ಹೋದಲ್ಲೆಲ್ಲ ಬರುತ್ತದೆ, ಅಪಾಯವೂ ಬರುತ್ತದೆ.

ಅದಕ್ಕೆ ನಿಯಮದಲ್ಲಿ ಇನ್ನೊಂದು ಗುಣ ಸೇರಿಸಿದೆವು: 'ಅಕ್ಸೆಪ್ಟ್ ಫೋಕಸ್', ಇಲ್ಲ. ಇದಕ್ಕೆ ಮಾತ್ರ 'ಫೋರ್ಸ್'. ಈಗ ಕ್ಲಿಕ್ ಮಾಡಿದರೂ ಕೀಬೋರ್ಡ್ ಅದರ ಕೈಗೆ ಹೋಗುವುದಿಲ್ಲ. ಆದರೆ ಬರಹಕ್ಕೆ ಇಳಿಸುವವರಿಗೆ ವಿಡಿಯೋ ನಿಲ್ಲಿಸುವುದು, 5 ಸೆಕೆಂಡ್ ಹಿಂದೆ ಹೋಗುವುದು ನಿಮಿಷಕ್ಕೆ ಹತ್ತು ಸಲ ಬೇಕು. ಕೀಬೋರ್ಡ್ ಕಿತ್ತುಕೊಂಡರೆ ಅದಕ್ಕೇನು ಮಾಡುವುದು? ಎಂಪಿವಿಗೆ ಹೊರಗಿನಿಂದ ಆದೇಶ ಕೊಡಲು ಒಂದು ಸಾಕೆಟ್, ಅಂದರೆ ಬೇರೆ ಪ್ರೋಗ್ರಾಂ ಅದರ ಜೊತೆ ಮಾತಾಡುವ ಕಿಂಡಿ, ತೆರೆಯಬಹುದು. ಎರಡು ಪುಟ್ಟ ಸ್ಕ್ರಿಪ್ಟ್ ಬರೆದೆ. ಒಂದು ಆ ಸಾಕೆಟ್‌ಗೆ 'ನಿಲ್ಲು ಅಥವಾ ಓಡು' ಎಂದು ಹೇಳುತ್ತದೆ, ಇನ್ನೊಂದು '5 ಸೆಕೆಂಡ್ ಹಿಂದೆ' ಎನ್ನುತ್ತದೆ. ಅವೆರಡನ್ನೂ ಪ್ಲಾಸ್ಮಾದ ಗ್ಲೋಬಲ್ ಶಾರ್ಟ್‌ಕಟ್‌ಗೆ, ಅಂದರೆ ಯಾವ ವಿಂಡೋದಲ್ಲಿದ್ದರೂ ನಡೆಯುವ ಕೀಲಿಗೆ, ಕಟ್ಟಿದೆವು. ಕೀಬೋರ್ಡಿನ ಮೀಡಿಯಾ ಕೀಲಿಗಳನ್ನು ಬಳಸಬಹುದಿತ್ತು, ಆದರೆ ಲಿನಕ್ಸಿನ ಎಂಪಿವಿ ತಾನಾಗಿ ಅವುಗಳ ಮಾತು ಕೇಳುವುದಿಲ್ಲ, ಪ್ಲೇಯರನ್ನು ಹೊರಗಿನಿಂದ ನಡೆಸುವ ಎಂಪಿಆರ್‌ಐಎಸ್ ಎಂಬ ವ್ಯವಸ್ಥೆಯ ಪ್ಲಗಿನ್ ಹಾಕಬೇಕು. ಹಾಗೆ ಹಾಕಿದರೂ ಅಕ್ಕನಿಗೆ ಬೇಕಾದ 5 ಸೆಕೆಂಡಿನ ಹಿಂದೆಗೆತಕ್ಕೆ ಕೀಲಿ ಎಲ್ಲಿದೆ?

ಅಕ್ಕ ಈಗ ಹೇಳುವುದೇನೆಂದರೆ, ಚಿತ್ರ ಕಾಣುವುದಕ್ಕಿಂತ ಈ ಎರಡು ಕೀಲಿಗಳಿಂದಲೇ ತನಗೆ ಜಾಸ್ತಿ ಲಾಭ ಆಯಿತಂತೆ. ಬರೆಯುವ ಕಡತ ಬಿಟ್ಟು ಕದಲದೆ ವಿಡಿಯೋ ಹಿಂದೆ ಮುಂದೆ ಮಾಡಬಹುದು.

ಮೂರನೆಯದು ಚಿಕ್ಕದು. ಆಲ್ಟ್ ಟ್ಯಾಬ್ ಒತ್ತಿದಾಗಲೆಲ್ಲ, ಯಾವ ಡೆಸ್ಕ್‌ಟಾಪ್ ಆದರೂ, ಪ್ಲೇಯರ್ ಪಟ್ಟಿಯಲ್ಲಿ ಬಂದು ನಿಲ್ಲುತ್ತಿತ್ತು. 'ಸ್ಕಿಪ್ ಸ್ವಿಚರ್' ಹಾಕಿದೆವು, ಹೋಯಿತು.

ನಾಲ್ಕನೆಯದಕ್ಕೆ ತಂತ್ರ ಏನೂ ಇಲ್ಲ, ಬರೀ ಹೊಂದಾಣಿಕೆ. ಎಲ್ಲದರ ಮೇಲೂ ಇರುವ ವಿಂಡೋ ಯಾವುದನ್ನೋ ಮುಚ್ಚಲೇಬೇಕು. ಬಲಗಡೆ ಮೇಲಿಟ್ಟರೆ ಬೇರೆ ವಿಂಡೋಗಳ ಮುಚ್ಚುವ ಬಟನ್ ಮುಚ್ಚುತ್ತದೆ. ಬಲಗಡೆ ಕೆಳಗಿಟ್ಟರೆ ನೋಟಿಫಿಕೇಶನ್ ಬರುವ ಜಾಗ. ಎಡಗಡೆ ಮೇಲೆ ಮೆನುಗಳು. ಉಳಿದದ್ದು ಎಡಗಡೆಯ ಕೆಳಮೂಲೆ. ಅಲ್ಲೂ ಬರಹದ ಕಡತದ ಪುಟಸಂಖ್ಯೆ, ಪದಗಳ ಲೆಕ್ಕ ಮುಚ್ಚಿಹೋಗುತ್ತಿತ್ತು. ಅವಳಿಗೆ ಪದದ ಲೆಕ್ಕಕ್ಕೇ ಹಣ. ಎರಡು ದಿನ ಒದ್ದಾಡಿ, ಕೊನೆಗೆ ಪ್ಲೇಯರನ್ನು ಆ ಪಟ್ಟಿಗಿಂತ ಒಂದು ಬೆರಳು ಮೇಲೆ ಸರಿಸಿಕೊಂಡಳು. 'ರಿಮೆಂಬರ್' ಅದನ್ನು ನೆನಪಿಟ್ಟುಕೊಂಡಿತು.

ಬೇರೆಯವರ ಮನೆಯಲ್ಲಿ

ಇದನ್ನು ಓದುವ ಎಲ್ಲರೂ ಪ್ಲಾಸ್ಮಾದಲ್ಲಿ ಇರುವುದಿಲ್ಲ, ಹಾಗಾಗಿ ಎರಡು ಮಾತು. ಗ್ನೋಮ್‌ನಲ್ಲಿ ಮೇಲ್ಪಟ್ಟಿಯ ಮೆನುವಿನಲ್ಲೇ 'ಆಲ್ವೇಸ್ ಆನ್ ವಿಸಿಬಲ್ ವರ್ಕ್‌ಸ್ಪೇಸ್' ಇದೆ, ಆದರೆ ನಿಯಮ ಬರೆದಿಡುವ ಪುಟ ಇಲ್ಲ. ಎರಡು ಪರದೆ ಇದ್ದವರಿಗೆ ಅಲ್ಲಿ ಪುಕ್ಕಟೆ ಉಪಾಯ ಒಂದಿದೆ: ವರ್ಕ್‌ಸ್ಪೇಸ್ ಡೀಫಾಲ್ಟ್ ಆಗಿ ಮುಖ್ಯ ಪರದೆಯಲ್ಲಿ ಮಾತ್ರ ಬದಲಾಗುತ್ತದೆ, ಎರಡನೆಯ ಪರದೆಯಲ್ಲಿಟ್ಟ ಪ್ಲೇಯರ್ ಕದಲುವುದೇ ಇಲ್ಲ. ಐ3 ಮತ್ತು ಸ್ವೇ ಎಂಬ ವಿಂಡೋ ಮ್ಯಾನೇಜರ್ ಬಳಸುವವರು ಪ್ಲೇಯರನ್ನು ಫ್ಲೋಟಿಂಗ್ (ಉಳಿದ ವಿಂಡೋಗಳ ಸಾಲಿಗೆ ಸೇರದೆ ತೇಲುವಂತೆ) ಮಾಡಿ ಸ್ಟಿಕಿ ಎಂದು ಬರೆದರೆ ಮುಗಿಯಿತು. ಫ್ಲೋಟಿಂಗ್ ಮಾಡದ ವಿಂಡೋಗೆ ಸ್ಟಿಕಿ ಹೇಳಿ ಪ್ರಯೋಜನ ಇಲ್ಲ. ವಿಂಡೋಸ್‌ನಲ್ಲಿ ಟಾಸ್ಕ್ ವ್ಯೂ ತೆರೆದು ರೈಟ್ ಕ್ಲಿಕ್ ಮಾಡಿದರೆ ಈ ವಿಂಡೋ ಎಲ್ಲ ಡೆಸ್ಕ್‌ಟಾಪಿನಲ್ಲೂ ಎಂದೂ, ಈ ಆ್ಯಪಿನ ಎಲ್ಲ ವಿಂಡೋಗಳೂ ಎಂದೂ ಎರಡು ಆಯ್ಕೆ ಸಿಗುತ್ತವೆ. ಪ್ಲೇಯರಿಗೆ ಎರಡನೆಯದು ಸರಿ. ಮ್ಯಾಕ್‌ನಲ್ಲಿ ಡಾಕ್‌ನ ಐಕಾನ್ ಮೇಲೆ ರೈಟ್ ಕ್ಲಿಕ್ ಮಾಡಿ, ಆಪ್ಷನ್ಸ್ ಒಳಗೆ 'ಆಲ್ ಡೆಸ್ಕ್‌ಟಾಪ್ಸ್' ಆರಿಸಬಹುದು. ಎರಡರಲ್ಲೂ 'ಮೇಲೆ ಇರು' ಎನ್ನುವುದನ್ನು ಬೇರೆಯಾಗಿ ಹೇಳಬೇಕು.

ಬ್ರೌಸರಿನ ತೇಲುವ ವಿಡಿಯೋಗೂ ನಾವು ಒಂದು ನಿಯಮ ಬರೆದೆವು. ಅದರ ವರ್ಗದ ಹೆಸರು ಉಳಿದ ಬ್ರೌಸರ್ ವಿಂಡೋಗಳದ್ದೇ ಆಗಿರುವುದರಿಂದ, 'ಪಿಕ್ಚರ್ ಇನ್ ಪಿಕ್ಚರ್' ಎಂಬ ಶೀರ್ಷಿಕೆಯನ್ನೂ ಸೇರಿಸಿ ಹಿಡಿಯಬೇಕಾಯಿತು. ಬ್ರೌಸರಿನ ಭಾಷೆ ಬದಲಿಸಿದರೆ ಆ ಶೀರ್ಷಿಕೆಯೂ ಬದಲಾಗಬಹುದು, ಇನ್ನೊಬ್ಬರ ನಿಯಮವನ್ನು ಹಾಗೇ ನಕಲು ಮಾಡುವವರು ಅದೊಂದನ್ನು ನೋಡಿಕೊಳ್ಳಿ.

ತಿಂಗಳ ಮೇಲೆ ಅಕ್ಕನ ಲ್ಯಾಪ್‌ಟಾಪಿನಲ್ಲಿ ಬೇರೇನೋ ನೋಡಲು ಕೂತಾಗ ನಿಯಮಗಳ ಪಟ್ಟಿ ಕಣ್ಣಿಗೆ ಬಿತ್ತು. ನಾವು ಬರೆದ ಎರಡರ ಕೆಳಗೆ ಮೂರನೆಯದೊಂದು ಇತ್ತು: ಅವಳ ಟಿಪ್ಪಣಿಯ ವಿಂಡೋ. ಎಲ್ಲ ಡೆಸ್ಕ್‌ಟಾಪಿಗೂ ಬರಲಿ ಎಂದು ಬರೆದಿದ್ದಳು. ಮೇಲೆ ಇರಲಿ ಎಂಬುದನ್ನು ಸೇರಿಸಿರಲಿಲ್ಲ.

"ಇದನ್ನ ಮರೆತೆಯಾ?" ಎಂದೆ.

"ಮರೆತಿಲ್ಲ ಕಣೋ. ಟಿಪ್ಪಣಿ ಕೈಗೆ ಸಿಕ್ಕರೆ ಸಾಕು, ಮೇಲೇರಿ ಕೂರೋದು ಬೇಡ."